ಮತದ ಗುಟ್ಟು, ಹಣದ ಲೆಕ್ಕ

ಚುನಾವಣೆ ಬಂತೆಂದರೆ ನಮ್ಮ ಶಾಲೆಗಳ ಚಹರೆಯೇ ಬದಲಾಗುತ್ತದೆ. ಬೆಂಚುಗಳೆಲ್ಲ ಗೋಡೆಯ ಬದಿಗೆ ಸರಿಯುತ್ತವೆ. ಪಾಠ ಹೇಳುವ ಕೊಠಡಿ ಮತಗಟ್ಟೆಯಾಗುತ್ತದೆ. ನಿನ್ನೆಯವರೆಗೆ ಸಂಧಿ ಸಮಾಸಗಳನ್ನು ಬಿಡಿಸುತ್ತಿದ್ದ ಉಪಾಧ್ಯಾಯನು ಇಂದು ಮೊಹರು, ಅರಗು, ಮತದಾರರ ಪಟ್ಟಿಗಳ ನಡುವೆ ಅಧಿಕಾರಿಯಾಗಿ ಕುಳಿತಿರುತ್ತಾನೆ. ಮರುದಿನ ಬೆಂಚುಗಳು ತಮ್ಮ ಜಾಗಕ್ಕೆ ಬಂದರೆ ಎಲ್ಲವೂ ಮುಗಿದಂತೆ. ಅಂಥ ಒಂದು ಮರುದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ದೊಡ್ಡ ಚುನಾವಣೆ ಬರುವುದು ಐದು ವರ್ಷಕ್ಕೊಂದು ಸಲ. ಮಿಕ್ಕ ದಿನಗಳಲ್ಲಿ ಚುನಾವಣಾ ಆಯೋಗದವರಿಗೆ ಏನು ಕೆಲಸ?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ಏನೋ ಒಂದು ಉತ್ತರ ಹೇಳಿ ಪಾಠಕ್ಕೆ ತಿರುಗಿದೆ. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಚುನಾವಣೆ ನ್ಯಾಯವಾಗಿ ನಡೆಯಿತೇ ಇಲ್ಲವೇ ಎಂಬುದು ಬಹುಮಟ್ಟಿಗೆ ಆ ‘ಮಿಕ್ಕ ದಿನ’ಗಳಲ್ಲೇ ನಿಶ್ಚಯವಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಒಮ್ಮೆ ಬ್ರಿಟನ್ನಿನ ಚುನಾವಣಾ ಆಯೋಗದ ಕಡೆಗೆ ನೋಡುವುದು ಒಳ್ಳೆಯದು. ಅದಕ್ಕೆ ಎರಡು ಕಾರಣಗಳುಂಟು. ನಮ್ಮ ಚುನಾವಣಾ ಕಾನೂನಿನ ಎಷ್ಟೋ ಕಟ್ಟಳೆಗಳಿಗೂ ಪಾರಿಭಾಷಿಕ ಪದಗಳಿಗೂ ಮೂಲ ಅಲ್ಲಿದೆ. ‘ಭ್ರಷ್ಟ ಆಚರಣೆ’ ಎಂಬ ಮಾತಾಗಲಿ, ಅಭ್ಯರ್ಥಿಯು ತನ್ನ ವೆಚ್ಚದ ಲೆಕ್ಕವನ್ನು ಒಪ್ಪಿಸಬೇಕೆಂಬ ನಿಯಮವಾಗಲಿ ಆ ದೇಶದ ಕಾನೂನಿನ ಜಾಡಿನಲ್ಲಿಯೇ ಬಂದವು. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ನಮ್ಮ ಆಯೋಗವು ಸಂವಿಧಾನದ ೩೨೪ನೆಯ ವಿಧಿಯ ಬಲದಿಂದ ಚುನಾವಣೆಗಳನ್ನು ತಾನೇ ನಡೆಸುತ್ತದೆ. ಬ್ರಿಟನ್ನಿನ ಆಯೋಗ ಹಾಗೆ ನಡೆಸುವುದಿಲ್ಲ. ಅಲ್ಲಿ ಮತಗಟ್ಟೆ ತೆರೆಯುವುದು, ಮತ ಎಣಿಸುವುದು, ಮತದಾರರ ಪಟ್ಟಿ ಬರೆಯುವುದು, ಇವೆಲ್ಲ ಸ್ಥಳೀಯ ಪೌರಸಭೆಗಳ ಅಧಿಕಾರಿಗಳ ಕೆಲಸ. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಇದಕ್ಕೆಂದೇ ನೇಮಕವಾದ ಒಬ್ಬ ಮುಖ್ಯಾಧಿಕಾರಿ ಇದ್ದಾನೆ. ಮದುವೆ ಮಾಡಿಸುವ ಪುರೋಹಿತರು ಬೇರೆ, ಉಗ್ರಾಣದ ಬೀಗದ ಕೈ ಹಿಡಿದು ಲೆಕ್ಕ ನೋಡುವ ಹಿರಿಯರು ಬೇರೆ ಎಂಬಂತೆ. ಆದ್ದರಿಂದ ಆ ಆಯೋಗದ ವರ್ಷವನ್ನು ನೋಡಿದರೆ ‘ಮಿಕ್ಕ ದಿನ’ಗಳ ಕೆಲಸ ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನಲ್ಲಿ ಗುಪ್ತ ಮತದಾನ ಜಾರಿಗೆ ಬಂದದ್ದು ೧೮೭೨ರಲ್ಲಿ. ಅದಕ್ಕೆ ಮುಂಚೆ ಮತದಾರನು ನಾಲ್ಕು ಜನರ ಎದುರಿನಲ್ಲಿ ತನ್ನ ಆಯ್ಕೆಯನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಒಡೆಯನ ಕಣ್ಣು, ಸಾಲ ಕೊಟ್ಟವನ ಕಣ್ಣು ಅವನ ಮೇಲಿರುತ್ತಿತ್ತು. ಹನ್ನೊಂದು ವರ್ಷಗಳ ತರುವಾಯ, ೧೮೮೩ರಲ್ಲಿ, ಅಭ್ಯರ್ಥಿಯು ತನ್ನ ಕ್ಷೇತ್ರದಲ್ಲಿ ಇಷ್ಟಕ್ಕಿಂತ ಹೆಚ್ಚು ವೆಚ್ಚ ಮಾಡಕೂಡದೆಂದು ಕಾನೂನು ಬಂತು. ಈ ಎರಡು ಕಾನೂನುಗಳನ್ನು ಜತೆಯಲ್ಲಿಟ್ಟು ನೋಡಿದರೆ ಒಂದು ಸೂತ್ರ ಹೊರಡುತ್ತದೆ: ಮತ ಗುಟ್ಟಾಗಿರಬೇಕು, ಹಣ ರಟ್ಟಾಗಿರಬೇಕು. ಮತ ಬಯಲಾದರೆ ಬಡವನಿಗೆ ಭಯ. ಹಣ ಮರೆಯಾದರೆ ಊರಿಗೇ ಭಯ.

ಆದರೆ ೧೮೮೩ರ ಕಾನೂನು ಕಟ್ಟಿಹಾಕಿದ್ದು ಅಭ್ಯರ್ಥಿಯನ್ನು, ಪಕ್ಷವನ್ನಲ್ಲ. ಕಾಲಕ್ರಮದಲ್ಲಿ ಚುನಾವಣೆ ಕ್ಷೇತ್ರದಿಂದ ರಾಜಧಾನಿಗೆ ಏರಿತು. ದೇಶವೆಲ್ಲಕ್ಕೂ ಒಂದೇ ಪ್ರಚಾರ, ಒಂದೇ ಭಿತ್ತಿಪತ್ರ, ಒಬ್ಬನೇ ನಾಯಕನ ಮುಖ. ಆ ದೊಡ್ಡ ವೆಚ್ಚಕ್ಕೆ ಮಿತಿಯಿರಲಿಲ್ಲ. ಆ ಹಣ ಕೊಟ್ಟವರು ಯಾರೆಂದು ಹೇಳಬೇಕೆಂಬ ಕಟ್ಟಳೆಯೂ ಇರಲಿಲ್ಲ. ಚಿಕ್ಕ ಬಾಗಿಲಿಗೆ ಬೀಗ ಹಾಕಿ ಹೆಬ್ಬಾಗಿಲನ್ನು ತೆರೆದಿಟ್ಟಂತಾಗಿತ್ತು.

ಆ ಹೆಬ್ಬಾಗಿಲಿನ ಕಡೆಗೆ ಜನ ತಿರುಗಿ ನೋಡುವಂತೆ ಮಾಡಿದ್ದು ೧೯೯೭ರ ಒಂದು ಪ್ರಸಂಗ. ಮೋಟಾರು ಪಂದ್ಯಗಳ ದೊಡ್ಡ ಯಜಮಾನರಾದ ಬರ್ನಿ ಎಕ್ಲಸ್ಟನ್ ಎಂಬವರು ಆ ವರ್ಷದ ಮೊದಲಲ್ಲಿ ಲೇಬರ್ ಪಕ್ಷಕ್ಕೆ ಹತ್ತು ಲಕ್ಷ ಪೌಂಡು ಕೊಟ್ಟಿದ್ದರು. ಪಕ್ಷ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂತು. ತಂಬಾಕಿನ ಜಾಹೀರಾತನ್ನು ನಿಷೇಧಿಸಲು ಹೊರಟ ಸರ್ಕಾರ ಮೋಟಾರು ಪಂದ್ಯಗಳಿಗೆ ಮಾತ್ರ ವಿನಾಯಿತಿ ಕೊಡಲು ಒಪ್ಪಿತು. ಎರಡಕ್ಕೂ ಸಂಬಂಧವಿಲ್ಲವೆಂದು ಸರ್ಕಾರ ಹೇಳಿತು, ಹಣವನ್ನು ಹಿಂದಿರುಗಿಸಲಾಯಿತು. ಸಂಬಂಧ ಇತ್ತೋ ಇಲ್ಲವೋ, ಸಂದೇಹ ಬಂದಾಗ ತೆರೆದು ನೋಡಲು ಒಂದು ಲೆಕ್ಕದ ಪುಸ್ತಕವಿರಲಿಲ್ಲವಲ್ಲ ಎಂಬುದು ಜನರ ಮನಸ್ಸಿಗೆ ನಾಟಿತು. ಸಾರ್ವಜನಿಕ ಜೀವನದ ನಡತೆಯನ್ನು ಪರಿಶೀಲಿಸುವ ಸಮಿತಿ ಲಾರ್ಡ್ ನೀಲ್ ಅವರ ಅಧ್ಯಕ್ಷತೆಯಲ್ಲಿ ೧೯೯೮ರಲ್ಲಿ ವರದಿ ಕೊಟ್ಟಿತು. ೨೦೦೦ದಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಆ ವರ್ಷದ ನವೆಂಬರ್ ೩೦ರಂದು ಚುನಾವಣಾ ಆಯೋಗ ಹುಟ್ಟಿತು.

ಇಲ್ಲಿ ನಮ್ಮವರ ಒಂದು ಮಾತನ್ನು ನೆನೆಯಬಹುದು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಗುಣವಿಲ್ಲ. ಆದರೆ ರಾಜ್ಯವಾಳುವ ಪಕ್ಷದಲ್ಲಿ ಈ ಗುಣವೇ ಅಪಾಯ. ಪಕ್ಷ ಯಾರ ಮನೆಯಲ್ಲಿ ಉಂಡಿತೋ ಅವರಿಗೆ ಎರಡು ಬಗೆಯಲಾರದೆ ಊರಿಗೆ ಎರಡು ಬಗೆಯಬಹುದು. ಊಟ ಹಾಕುವುದನ್ನು ತಪ್ಪಿಸಲಾಗದು. ಪಕ್ಷಗಳಿಗೂ ಬಾಡಿಗೆ, ಅಂಚೆ, ಮುದ್ರಣ, ಪ್ರಯಾಣ ಎಂದು ಹಣ ಬೇಕೇ ಬೇಕು. ಹೀಗಿರಲು ಜನರಿಗೆ ಉಳಿಯುವ ರಕ್ಷೆ ಒಂದೇ: ಯಾರು ಯಾರ ಮನೆಯಲ್ಲಿ ಎಷ್ಟು ಉಂಡರು ಎಂಬುದು ಎಲ್ಲರಿಗೂ ತಿಳಿದಿರಬೇಕು. ಆಯೋಗದ ವರ್ಷದ ಕೆಲಸದಲ್ಲಿ ದೊಡ್ಡ ಪಾಲು ಈ ಊಟದ ಲೆಕ್ಕವೇ.

ವರ್ಷ ಹೇಗೆ ಸಾಗುತ್ತದೆಂದು ನೋಡೋಣ. ಮೂರು ತಿಂಗಳಿಗೊಮ್ಮೆ, ಅಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಕೊನೆಯ ಹೊತ್ತಿಗೆ, ಪಕ್ಷಗಳು ಹಿಂದಿನ ಮೂರು ತಿಂಗಳಲ್ಲಿ ಬಂದ ದೊಡ್ಡ ದೇಣಿಗೆಗಳ ಮತ್ತು ಸಾಲಗಳ ಪಟ್ಟಿಯನ್ನು ಆಯೋಗಕ್ಕೆ ಸಲ್ಲಿಸುತ್ತವೆ. ೨೦೨೪ರ ಜನವರಿಯಿಂದ ಜಾರಿಗೆ ಬಂದ ನಿಯಮದಂತೆ ಪಕ್ಷದ ಕೇಂದ್ರ ಕಚೇರಿಗೆ ಒಬ್ಬನಿಂದ ವರ್ಷದಲ್ಲಿ ೧೧,೧೮೦ ಪೌಂಡಿಗೆ ಮೀರಿದ ಹಣ ಬಂದರೆ ತಿಳಿಸಬೇಕು. ಊರಿನ ಶಾಖೆಗೆ ಬಂದರೆ ಈ ಮಿತಿ ೨,೨೩೦ ಪೌಂಡು. ಕೊಟ್ಟವರ ಹೆಸರು, ಮೊತ್ತ, ದಿನಾಂಕ ಇವನ್ನು ಆಯೋಗ ಪ್ರಕಟಿಸುತ್ತದೆ. ವ್ಯಕ್ತಿಗಳ ಮನೆಯ ವಿಳಾಸವನ್ನು ಮಾತ್ರ ಪ್ರಕಟಿಸುವುದಿಲ್ಲ. ಪಾರ್ಲಿಮೆಂಟಿನ ಮಹಾಚುನಾವಣೆ ಗೊತ್ತಾಯಿತೆಂದರೆ ಮೂರು ತಿಂಗಳು ಕಾಯುವಂತಿಲ್ಲ. ವಾರಕ್ಕೊಮ್ಮೆ ಪಟ್ಟಿ ಬರಬೇಕು. ಮತ ಹಾಕಿದ ಮೇಲೆ ತಿಳಿಯುವ ಸತ್ಯದಿಂದ ಮತದಾರನಿಗೇನು ಪ್ರಯೋಜನ?

ದೇಣಿಗೆ ಎಷ್ಟು ಬೇಕಾದರೂ ಕೊಡಬಹುದು. ಅದಕ್ಕೆ ಅಲ್ಲಿ ಮಿತಿಯಿಲ್ಲ. ಆದರೆ ಯಾರು ಕೊಡಬಹುದೆಂಬುದಕ್ಕೆ ಮಿತಿಯುಂಟು. ೫೦೦ ಪೌಂಡಿಗೆ ಮೀರಿದ ಹಣವನ್ನು ಆ ದೇಶದ ಮತದಾರರ ಪಟ್ಟಿಯಲ್ಲಿರುವ ವ್ಯಕ್ತಿ, ಅಲ್ಲಿ ನೋಂದಾಯಿತವಾಗಿ ವ್ಯವಹಾರ ನಡೆಸುವ ಕಂಪನಿ, ಕಾರ್ಮಿಕ ಸಂಘ, ಇಂಥವರಿಂದ ಮಾತ್ರ ಸ್ವೀಕರಿಸಬಹುದು. ಹಣ ಬಂದ ೩೦ ದಿನಗಳೊಳಗೆ ಕೊಟ್ಟವರು ಯಾರೆಂದು ವಿಚಾರಿಸಿ, ಅರ್ಹರಲ್ಲದಿದ್ದರೆ ಹಿಂದಿರುಗಿಸಬೇಕು. ‘ಯಾರೋ ಪುಣ್ಯಾತ್ಮರು ಕಳುಹಿಸಿದರು, ಹೆಸರು ತಿಳಿಯದು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಈ ಬಯಲಿಗೆ ಒಂದು ಕಾಲದಲ್ಲಿ ಒಂದು ಮರೆಯೂ ಇತ್ತು. ಉತ್ತರ ಐರ್ಲೆಂಡಿನಲ್ಲಿ ಬಹುಕಾಲ ರಕ್ತಪಾತ ನಡೆದದ್ದರಿಂದ ಪಕ್ಷಕ್ಕೆ ಹಣ ಕೊಟ್ಟವನ ಹೆಸರು ಹೊರಬಿದ್ದರೆ ಅವನ ಜೀವಕ್ಕೆ ಅಪಾಯವೆಂದು ಅಲ್ಲಿಯ ದಾನಿಗಳ ಹೆಸರುಗಳನ್ನು ಗುಟ್ಟಾಗಿಡಲಾಗಿತ್ತು. ೨೦೧೭ರ ಜುಲೈ ೧ರಿಂದ ಈಚಿನ ದೇಣಿಗೆಗಳಿಗೆ ಮಾತ್ರ ಆ ಮರೆ ಸರಿಯಿತು. ಯಾವ ಸೂತ್ರವನ್ನಾದರೂ ದೇಶ ಕಾಲಗಳನ್ನು ನೋಡಿ ಅನ್ವಯಿಸಬೇಕೆಂಬುದಕ್ಕೆ ಇದೊಂದು ನಿದರ್ಶನ.

ವರ್ಷದ ನಡುವೆ ಪಕ್ಷಗಳ ವಾರ್ಷಿಕ ಆಯವ್ಯಯದ ಲೆಕ್ಕ ಬರುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷ ಪೌಂಡಿನೊಳಗಿನ ಚಿಕ್ಕ ಪಕ್ಷಗಳು ಏಪ್ರಿಲ್ ಕೊನೆಯೊಳಗೆ, ಅದಕ್ಕೆ ಮೀರಿದ ದೊಡ್ಡ ಪಕ್ಷಗಳು ಲೆಕ್ಕಪರಿಶೋಧಕರ ಸಹಿಯೊಡನೆ ಜುಲೈ ಮೊದಲ ವಾರದೊಳಗೆ ಲೆಕ್ಕ ಒಪ್ಪಿಸಬೇಕು. ಮುನ್ನೂರಕ್ಕೂ ಹೆಚ್ಚು ಪಕ್ಷಗಳು ನೋಂದಾಯಿತವಾಗಿವೆ. ಇವುಗಳಲ್ಲಿ ದೇಶವನ್ನಾಳಿದ ಪಕ್ಷಗಳೂ ಉಂಟು, ಒಂದು ಊರಿನ ಬೀದಿ ದೀಪ ಚರಂಡಿಗಳ ಸಲುವಾಗಿ ಹುಟ್ಟಿದವೂ ಉಂಟು. ಎಲ್ಲಕ್ಕೂ ಕಟ್ಟಳೆ ಒಂದೇ. ಕಡತಗಳನ್ನು ತೆರೆದು, ಕೂಡಿ, ಕಳೆದು, ತಪ್ಪಿದ ಕಡೆ ಕೆಂಪು ಗೆರೆ ಹಾಕುವ ಈ ಕೆಲಸ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದರಲ್ಲಿ ಸೊಗಸೇನೂ ಇಲ್ಲ. ಆದರೆ ಅದಿಲ್ಲದೆ ಪರೀಕ್ಷೆಗೆ ಬೆಲೆಯಿಲ್ಲ.

ಪಕ್ಷಗಳ ಹೆಸರುಗಳ ಪಟ್ಟಿಯನ್ನು ಕಾಯುವುದೂ ಆಯೋಗದ ನಿತ್ಯದ ಕೆಲಸ. ಹೊಸ ಪಕ್ಷ ಹುಟ್ಟಬೇಕಾದರೆ ೧೫೦ ಪೌಂಡು ಶುಲ್ಕ ಕಟ್ಟಿ, ಹೆಸರನ್ನೂ ಬೇಕಿದ್ದರೆ ಲಾಂಛನವನ್ನೂ ಒಪ್ಪಿಸಬೇಕು. ಹೆಸರು ಆರು ಪದಗಳಿಗೆ ಮೀರಕೂಡದು, ಅಶ್ಲೀಲವಾಗಿರಕೂಡದು, ಮುಖ್ಯವಾಗಿ ಇನ್ನೊಂದು ಪಕ್ಷದ ಹೆಸರೆಂದು ಮತದಾರನು ಮೋಸಹೋಗುವಂತಿರಕೂಡದು. ಇದರ ಹಿಂದೆ ಒಂದು ಕತೆಯಿದೆ. ‘ಲಿಬರಲ್ ಡೆಮೊಕ್ರಾಟ್’ ಎಂಬುದು ಅಲ್ಲಿಯ ಪ್ರಮುಖ ಪಕ್ಷಗಳಲ್ಲೊಂದು. ೧೯೯೪ರಲ್ಲಿ ಯುರೋಪಿನ ಪಾರ್ಲಿಮೆಂಟಿಗೆ ನಡೆದ ಚುನಾವಣೆಯಲ್ಲಿ ಡೆವನ್ ಸೀಮೆಯ ಒಂದು ಕ್ಷೇತ್ರದಲ್ಲಿ ಒಬ್ಬಾತ ‘ಲಿಟರಲ್ ಡೆಮೊಕ್ರಾಟ್’ ಎಂಬ ಹೆಸರಿನಿಂದ ನಿಂತ. ‘ಲಿಟರಲ್’ ಎಂದರೆ ಅಕ್ಷರಶಃ ಎಂದರ್ಥ. ಎರಡು ಹೆಸರುಗಳಿಗೂ ಇದ್ದ ವ್ಯತ್ಯಾಸ ಅಕ್ಷರಶಃ ಒಂದೇ ಅಕ್ಷರ. ಆತನಿಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ಮತಗಳು ಬಿದ್ದವು. ನಿಜವಾದ ಲಿಬರಲ್ ಡೆಮೊಕ್ರಾಟ್ ಅಭ್ಯರ್ಥಿ ಸೋತದ್ದು ಕೇವಲ ೭೦೦ ಮತಗಳಿಂದ. ನ್ಯಾಯಾಲಯಕ್ಕೆ ಹೋದರೂ ಫಲವಾಗಲಿಲ್ಲ. ಅಂಥ ಹೆಸರನ್ನು ತಡೆಯುವ ಕಾನೂನೇ ಇರಲಿಲ್ಲ. ೧೯೯೮ರಲ್ಲಿ ಪಕ್ಷಗಳ ನೋಂದಣಿಯ ಕಾನೂನು ಬಂತು. ‘ಕಾಲ’ಕ್ಕೂ ‘ಕಾಳ’ಕ್ಕೂ ಇರುವ ಭೇದವನ್ನು ಮಕ್ಕಳಿಗೆ ಹೇಳಿ ಹೇಳಿ ಸವೆದಿರುವ ನಮ್ಮಂಥವರಿಗೆ, ಒಂದಕ್ಷರವು ಒಂದು ಸ್ಥಾನವನ್ನೇ ಕಳೆಯಿತೆಂಬ ಸುದ್ದಿಯಿಂದ ಸ್ವಲ್ಪ ಸಮಾಧಾನವೂ ಆಗುತ್ತದೆಂದರೆ ತಪ್ಪಾಗಲಾರದು.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ದೊಡ್ಡ ವಿಷಯವೊಂದನ್ನು ನೇರವಾಗಿ ಜನರ ಮುಂದಿಟ್ಟು ಹೌದು, ಅಲ್ಲ ಎಂದು ಕೇಳುವ ಜನಮತಗಣನೆ ಅಲ್ಲಿ ಕೆಲವೊಮ್ಮೆ ನಡೆಯುತ್ತದೆ. ಆಗ ಪ್ರಶ್ನೆಯ ವಾಕ್ಯ ಹೇಗಿರಬೇಕೆಂದು ಆಯೋಗವು ಸಾಮಾನ್ಯ ಜನರನ್ನು ಕೂರಿಸಿ ಓದಿಸಿ ಪರೀಕ್ಷಿಸಿ ಸಲಹೆ ಕೊಡುತ್ತದೆ. ೨೦೧೪ರ ಸ್ಕಾಟ್ಲೆಂಡಿನ ಜನಮತಗಣನೆಗೆ, ‘ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುವಿರಾ?’ ಎಂಬರ್ಥದ ಪ್ರಶ್ನೆಯನ್ನು ಅಲ್ಲಿಯ ಸರ್ಕಾರ ಮೊದಲು ಸೂಚಿಸಿತ್ತು. ‘ಒಪ್ಪುವಿರಾ’ ಎಂಬ ಮಾತೇ ಓದುಗನನ್ನು ಹೌದೆನ್ನುವ ಕಡೆಗೆ ಎಳೆಯುತ್ತದೆಂದು ಆಯೋಗ ೨೦೧೩ರಲ್ಲಿ ಹೇಳಿತು. ‘ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೇ?’ ಎಂದು ವಾಕ್ಯ ತಿದ್ದಿತು. ಯುರೋಪಿನ ಒಕ್ಕೂಟದ ವಿಚಾರದಲ್ಲಿಯೂ ಹೀಗೆಯೇ. ‘ಸದಸ್ಯನಾಗಿ ಉಳಿಯಬೇಕೇ?’ ಎಂದಷ್ಟೇ ಕೇಳಿದರೆ ಉಳಿಯುವ ಪಕ್ಷಕ್ಕೆ ಒಂದು ಮೆಟ್ಟಿಲು ಹೆಚ್ಚು ಕೊಟ್ಟಂತೆ, ‘ಉಳಿಯಬೇಕೇ, ಬಿಡಬೇಕೇ?’ ಎಂದು ಎರಡನ್ನೂ ಹೇಳಬೇಕೆಂದು ೨೦೧೫ರಲ್ಲಿ ಸಲಹೆ ಕೊಟ್ಟಿತು. ಎರಡು ಸಲಹೆಗಳೂ ಸ್ವೀಕೃತವಾದವು. ವೇಲ್ಸಿನ ಜನರಿಗಾಗಿ ಪ್ರಶ್ನೆಯ ವೆಲ್ಷ್ ಭಾಷೆಯ ರೂಪವನ್ನೂ ಪರೀಕ್ಷಿಸಲಾಯಿತು. ‘ಬರುವೆಯಾ?’ ಎನ್ನುವುದಕ್ಕೂ ‘ಬರುವೆಯಲ್ಲವೇ?’ ಎನ್ನುವುದಕ್ಕೂ ಇರುವ ಅಂತರ ನಮ್ಮ ಮಕ್ಕಳಿಗೂ ಗೊತ್ತು. ವ್ಯಾಕರಣವು ರಾಜ್ಯದ ಹಣೆಬರಹವನ್ನು ಮುಟ್ಟುವ ಸಂದರ್ಭಗಳೂ ಉಂಟೆಂದು ಇದರಿಂದ ತಿಳಿಯಬೇಕು.

ಮೇ ತಿಂಗಳ ಮೊದಲ ಗುರುವಾರ ಅಲ್ಲಿ ಸ್ಥಳೀಯ ಚುನಾವಣೆಗಳ ದಿನ. ಆ ದಿನ ಮತಗಟ್ಟೆಗಳಲ್ಲಿ ಆದ ಒಳಿತು ಕೆಡುಕುಗಳನ್ನು ಕಲೆಹಾಕಿ ಆಯೋಗ ತರುವಾಯ ವರದಿ ಬರೆಯುತ್ತದೆ. ಇಂಥ ಒಂದು ವರದಿ ಗಮನಿಸುವಂಥದು. ಮತದಾರನು ಭಾವಚಿತ್ರವುಳ್ಳ ಗುರುತಿನ ಚೀಟಿ ತೋರಿಸಬೇಕೆಂದು ೨೦೧೪ರಲ್ಲಿ ಸಲಹೆ ಮಾಡಿದ್ದು ಆಯೋಗವೇ. ೨೦೨೨ರಲ್ಲಿ ಅದು ಕಾನೂನಾಗಿ, ೨೦೨೩ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಜಾರಿಗೆ ಬಂತು. ಕಡಮೆಯೆಂದರೆ ೧೪,೦೦೦ ಜನ ಚೀಟಿಯಿಲ್ಲದ ಕಾರಣ ಮತಗಟ್ಟೆಯಿಂದ ಹಿಂದಿರುಗಿ ಮತ ಹಾಕದೆ ಉಳಿದರೆಂದು ಎಣಿಸಿ ಹೇಳಿದ್ದೂ ಆಯೋಗವೇ. ತಾನೇ ಕೊಟ್ಟ ಸಲಹೆಯಿಂದ ಯಾರಿಗೆ ನೋವಾಯಿತೆಂದು ತಾನೇ ಎಣಿಸುವುದು ಎಲ್ಲರಿಗೂ ಬರುವ ಗುಣವಲ್ಲ. ನೂರಕ್ಕೆ ಕಾಲು ಪಾಲು ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಬಾಗಿಲ ತನಕ ಬಂದು ಹಿಂದಿರುಗಿದವನಿಗೆ ಅದು ಸಣ್ಣದಲ್ಲ.

ಮಳೆಗಾಲ ಕಳೆದು ಚಳಿ ಮೊದಲಾಗುವ ಹೊತ್ತಿಗೆ ಸ್ಥಳೀಯ ಅಧಿಕಾರಿಗಳು ಮನೆಮನೆಯ ವಿಚಾರಣೆ ಮುಗಿಸಿ ಡಿಸೆಂಬರ್ ೧ರ ಸುಮಾರಿಗೆ ಪರಿಷ್ಕೃತ ಮತದಾರರ ಪಟ್ಟಿಯನ್ನು ಪ್ರಕಟಿಸುತ್ತಾರೆ. ಆ ಪಟ್ಟಿ ಎಷ್ಟು ಸರಿಯಾಗಿದೆಯೆಂದು ಆಯೋಗ ಆಗಾಗ ಅಳೆದು ನೋಡುತ್ತದೆ. ೨೦೨೩ರಲ್ಲಿ ಪ್ರಕಟವಾದ ಅಳತೆಯಂತೆ ಅರ್ಹರಾದ ೮೦ ಲಕ್ಷದಷ್ಟು ಜನರ ಹೆಸರು ಸರಿಯಾದ ಕಡೆ ಪಟ್ಟಿಯಲ್ಲಿ ಇರಲಿಲ್ಲ. ಹಳೆಯ ಪ್ರಜಾಪ್ರಭುತ್ವವೆಂದು ಹೆಸರಾದ ದೇಶದಲ್ಲಿಯೂ ಈ ಕೊರತೆ ಇದೆ.

ಇನ್ನು ವೆಚ್ಚದ ಮಾತು. ೨೦೦೦ದ ಕಾನೂನು ಪಕ್ಷದ ದೇಶವ್ಯಾಪಿ ವೆಚ್ಚಕ್ಕೆ ಮೊದಲ ಸಲ ಮಿತಿ ಹಾಕಿತು. ಮಹಾಚುನಾವಣೆಗೆ ಹಿಂದಿನ ಒಂದು ವರ್ಷದಲ್ಲಿ, ಸ್ಪರ್ಧಿಸುವ ಕ್ಷೇತ್ರವೊಂದಕ್ಕೆ ೩೦,೦೦೦ ಪೌಂಡಿನಂತೆ ಪಕ್ಷ ಖರ್ಚು ಮಾಡಬಹುದಾಗಿತ್ತು. ೨೦೨೩ರ ನವೆಂಬರಿನಲ್ಲಿ ಇದು ೫೪,೦೧೦ ಪೌಂಡಿಗೆ ಏರಿತು. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸುಗಳ ೬೩೨ ಕ್ಷೇತ್ರಗಳಲ್ಲಿಯೂ ನಿಲ್ಲುವ ಪಕ್ಷಕ್ಕೆ ಒಟ್ಟು ಮಿತಿ ಸುಮಾರು ೩ ಕೋಟಿ ೪೧ ಲಕ್ಷ ಪೌಂಡು. ಅಭ್ಯರ್ಥಿಯ ಮಿತಿ ಬೇರೆ. ಅವನ ಲೆಕ್ಕದಲ್ಲಿ ತಪ್ಪು ಕಂಡರೆ ವಿಚಾರಿಸುವವರು ಪೋಲೀಸರು, ಆಯೋಗವಲ್ಲ. ಪ್ರತಿ ಕರಪತ್ರದ ಮೇಲೂ ಅದನ್ನು ಹೊರಡಿಸಿದವರ ಹೆಸರು ವಿಳಾಸಗಳಿರಬೇಕೆಂಬ ಹಳೆಯ ನಿಯಮವನ್ನು ೨೦೨೩ರಿಂದ ಅಂತರ್ಜಾಲದ ಪ್ರಚಾರಕ್ಕೂ ವಿಸ್ತರಿಸಿದ್ದಾರೆ.

ರೇಡಿಯೋ ಕೇಳುಗರು ತಿಳಿಯಬೇಕಾದ ಒಂದು ಸಂಗತಿ ಇದೆ. ಬ್ರಿಟನ್ನಿನಲ್ಲಿ ರೇಡಿಯೋದಲ್ಲಿಯಾಗಲಿ ಟೆಲಿವಿಷನ್ನಿನಲ್ಲಿಯಾಗಲಿ ಹಣ ಕೊಟ್ಟು ರಾಜಕೀಯ ಜಾಹೀರಾತು ಮಾಡುವಂತಿಲ್ಲ. ಅದರ ಬದಲು ಪಕ್ಷಗಳಿಗೆ ಪ್ರಸಾರದ ಕಾಲವನ್ನು ಉಚಿತವಾಗಿ ಹಂಚಿಕೊಡುತ್ತಾರೆ. ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಉಚಿತ ಕಾಲಾವಕಾಶ ಕೊಡುವ ಪದ್ಧತಿ ನಮ್ಮಲ್ಲಿಯೂ ಉಂಟು. ಹಣವಿದ್ದವನ ಕಂಠವೇ ದೊಡ್ಡದಾಗಬಾರದೆಂಬುದು ಇದರ ಉದ್ದೇಶ. ಅಂತರ್ಜಾಲದ ಜಾಹೀರಾತಿಗೆ ಆ ನಿಷೇಧ ತಾಗದು. ವೆಚ್ಚದ ಲೆಕ್ಕ ನೋಡುವವರ ಕಣ್ಣು ಈಗ ಆ ಕಡೆಗೇ ಹೆಚ್ಚು ತಿರುಗಿದೆ.

ತಪ್ಪು ಕಂಡಾಗ ಆಯೋಗ ವಿಚಾರಣೆ ಮಾಡಿ ದಂಡ ಹಾಕಬಲ್ಲದು. ಸಂದೇಹಕ್ಕೆ ಎಡೆಯಿಲ್ಲದಂತೆ ತಪ್ಪು ಸಿದ್ಧವಾಗಬೇಕು. ದಂಡದ ಹಣ ಆಯೋಗಕ್ಕೆ ಸೇರದೆ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ದಂಡ ಹಾಕಿದವನಿಗೇ ಅದರಲ್ಲಿ ಪಾಲಿದ್ದರೆ ನ್ಯಾಯ ಉಳಿಯದು. ೨೦೧೫ರ ಮಹಾಚುನಾವಣೆಯ ಲೆಕ್ಕಗಳಲ್ಲಿ ಮೂರು ದೊಡ್ಡ ಪಕ್ಷಗಳೂ ಸಿಕ್ಕಿಬಿದ್ದವು. ಲೇಬರ್ ಪಕ್ಷಕ್ಕೆ ೨೦,೦೦೦ ಪೌಂಡು, ಲಿಬರಲ್ ಡೆಮೊಕ್ರಾಟ್ ಪಕ್ಷಕ್ಕೆ ೨೦,೦೦೦ ಪೌಂಡು ದಂಡ ಬಿತ್ತು. ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷಕ್ಕೆ, ೨೦೧೪ರ ಕೆಲವು ಉಪಚುನಾವಣೆಗಳ ತಪ್ಪುಗಳೂ ಸೇರಿ,೭೦,೦೦೦ ಪೌಂಡು. ಲೇಬರ್ ಪಕ್ಷದ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಬಾಬುಗಳಲ್ಲಿ ಒಂದು ನಮಗೆ ರಸವತ್ತಾಗಿ ತೋರುತ್ತದೆ. ತಮ್ಮ ವಾಗ್ದಾನಗಳು ಅಳಿಯಲಾರವೆಂದು ತೋರಿಸಲು ಆ ಪಕ್ಷ ಎಂಟೂವರೆ ಅಡಿಯ ಕಲ್ಲಿನ ಮೇಲೆ ಅವನ್ನು ಕೊರೆಸಿತ್ತು. ಆ ಕಲ್ಲಿಗೆ ಸಂಬಂಧಿಸಿದ ೭,೬೧೪ ಪೌಂಡಿನ ವೆಚ್ಚ ಲೆಕ್ಕದಲ್ಲಿ ಕಾಣಲಿಲ್ಲ. ಶಾಸನ ಕಲ್ಲಿನಲ್ಲಿ ನಿಂತಿತು, ಅದರ ಖರ್ಚು ಕಾಗದದ ಮೇಲೆ ನಿಲ್ಲಲಿಲ್ಲ.

ಹಾಗೆಂದು ಆಯೋಗವೇನು ತಪ್ಪು ಮಾಡದ ದೇವತೆಯಲ್ಲ. ೨೦೧೬ರ ಯುರೋಪು ಜನಮತಗಣನೆಯ ಪ್ರಚಾರಕ್ಕೆ ಸಂಬಂಧಿಸಿ ‘ವೋಟ್ ಲೀವ್’ ಸಂಸ್ಥೆಗೆ ಅದು ೨೦೧೮ರಲ್ಲಿ ೬೧,೦೦೦ ಪೌಂಡು ದಂಡ ಹಾಕಿತು. ಅದೇ ಪ್ರಸಂಗದಲ್ಲಿ ತರುಣ ಪ್ರಚಾರಕನೊಬ್ಬನಿಗೆ ಹಾಕಿದ ೨೦,೦೦೦ ಪೌಂಡಿನ ದಂಡವನ್ನು ನ್ಯಾಯಾಲಯ ೨೦೧೯ರಲ್ಲಿ ರದ್ದುಮಾಡಿತು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ೨೦೨೧ರ ಆಗಸ್ಟಿನಲ್ಲಿ ಗಣಕಯಂತ್ರಗಳ ಕಳ್ಳರು ಆಯೋಗದ ಕಡತಗಳೊಳಗೆ ನುಗ್ಗಿದರು. ಅದು ಪತ್ತೆಯಾದದ್ದು ೨೦೨೨ರ ಅಕ್ಟೋಬರಿನಲ್ಲಿ, ಜನರಿಗೆ ತಿಳಿಸಿದ್ದು ೨೦೨೩ರ ಆಗಸ್ಟಿನಲ್ಲಿ. ಸುಮಾರು ನಾಲ್ಕು ಕೋಟಿ ಮತದಾರರ ಹೆಸರು ವಿಳಾಸಗಳು ಕಳ್ಳರ ಕೈಗೆಟುಕುವಂತಾದವು. ಖಾಸಗಿ ಮಾಹಿತಿಯ ರಕ್ಷಣೆಯನ್ನು ನೋಡಿಕೊಳ್ಳುವ ಅಧಿಕಾರಿ ೨೦೨೪ರಲ್ಲಿ ಆಯೋಗಕ್ಕೆ ಬಹಿರಂಗವಾಗಿ ಛೀಮಾರಿ ಹಾಕಿದರು. ಇತರರ ಲೆಕ್ಕ ಕೇಳುವವನು ತನ್ನ ಮನೆಯ ಅಗುಳಿಯನ್ನೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮೂಲ ಪ್ರಶ್ನೆಗೆ ಬರುತ್ತೇವೆ. ಲೆಕ್ಕ ಕೇಳುವವನನ್ನು ಕೇಳುವವರು ಯಾರು? ಆಯೋಗದ ಸದಸ್ಯರನ್ನು ಕಾಮನ್ಸ್ ಸಭೆಯ ವಿಜ್ಞಾಪನೆಯ ಮೇರೆಗೆ ಅರಸರು ನೇಮಿಸುತ್ತಾರೆ. ನಾಲ್ವರನ್ನು ಪಕ್ಷಗಳು ಸೂಚಿಸುತ್ತವೆ. ಮಿಕ್ಕವರು ಪಕ್ಷರಾಜಕೀಯದಿಂದ ದೂರವಿರುವವರಾಗಬೇಕು. ಆಯೋಗವು ಮಂತ್ರಿಗಳ ಕೈಕೆಳಗಿಲ್ಲ. ಸಭಾಧ್ಯಕ್ಷರ ನೇತೃತ್ವದ ಒಂದು ಸಮಿತಿಗೆ ವರ್ಷದ ಮುಂಗಡ ಲೆಕ್ಕವನ್ನು ಒಪ್ಪಿಸುತ್ತದೆ. ವಾರ್ಷಿಕ ವರದಿಯನ್ನು ಪಾರ್ಲಿಮೆಂಟಿನ ಮುಂದಿಡುತ್ತದೆ. ಇದು ಒಳ್ಳೆಯ ಏರ್ಪಾಟು. ಆದರೆ ಕಾನೂನು ಮಾಡುವವರು ಪಕ್ಷಗಳವರೇ. ಕಾನೂನಿಗೆ ಒಳಪಟ್ಟವರೂ ಅವರೇ. ೨೦೨೨ರ ಕಾನೂನಿನಲ್ಲಿ, ಆಯೋಗ ಯಾವುದಕ್ಕೆ ಆದ್ಯತೆ ಕೊಡಬೇಕೆಂದು ಸರ್ಕಾರವೇ ಒಂದು ನೀತಿಪತ್ರ ಹೊರಡಿಸಬಹುದೆಂಬ ವಿಧಿ ಸೇರಿತು. ಇದರಿಂದ ಸ್ವಾತಂತ್ರ್ಯಕ್ಕೆ ಕುಂದು ಬರುವುದೆಂದು ಆಯೋಗದವರು ಬಹಿರಂಗವಾಗಿ ಪತ್ರ ಬರೆದರು. ಆಟಗಾರನೇ ತೀರ್ಪುಗಾರನಿಗೆ ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು ಎಂದು ಹೇಳುವಂತಾದರೆ ಆಟವೇಕೆ?

ದಂಡದ ವಿಚಾರವೂ ಹಾಗೆಯೇ. ೨೦೧೦ರಲ್ಲಿ ಜಾರಿಗೆ ಬಂದ ನಿಯಮದಂತೆ ಒಂದು ತಪ್ಪಿಗೆ ಆಯೋಗ ಹಾಕಬಹುದಾದ ದಂಡ ಹೆಚ್ಚೆಂದರೆ ೨೦,೦೦೦ ಪೌಂಡು. ಮೂರು ಕೋಟಿ ನಲವತ್ತೊಂದು ಲಕ್ಷ ಖರ್ಚು ಮಾಡಬಲ್ಲ ಪಕ್ಷಕ್ಕೆ ಇದು ನೂರು ರೂಪಾಯಿಯ ವ್ಯಾಪಾರದಲ್ಲಿ ಆರು ಪೈಸೆಯಷ್ಟೂ ಆಗುವುದಿಲ್ಲ. ಅದನ್ನು ದಂಡವೆಂದು ತಿಳಿಯದೆ ಮಾಮೂಲು ಖರ್ಚೆಂದು ತಿಳಿಯುವ ಅಪಾಯವಿದೆ. ಮಿತಿಯನ್ನು ಐದು ಲಕ್ಷ ಪೌಂಡಿಗೋ ವೆಚ್ಚದ ನೂರಕ್ಕೆ ನಾಲ್ಕು ಪಾಲಿಗೋ, ಯಾವುದು ಹೆಚ್ಚೋ ಅದಕ್ಕೆ ಏರಿಸಬೇಕೆಂದು ೨೦೨೧ರಲ್ಲಿ ಸಾರ್ವಜನಿಕ ನಡತೆಯ ಅದೇ ಸಮಿತಿ ಸಲಹೆ ಕೊಟ್ಟಿತು. ಐದು ಲಕ್ಷಕ್ಕೆ ಏರಿಸುವ ಉದ್ದೇಶವನ್ನು ಸರ್ಕಾರ ೨೦೨೫ರ ಜುಲೈಯಲ್ಲಿ ಪ್ರಕಟಿಸಿತು.

ನಮ್ಮ ದೇಶದಲ್ಲಿ ಈ ವಿಚಾರ ಇನ್ನೊಂದು ದಾರಿಯಲ್ಲಿ ಬಂದಿದೆ. ಇಲ್ಲಿ ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯುಂಟು, ಪಕ್ಷದ ವೆಚ್ಚಕ್ಕಿಲ್ಲ. ಕೊಟ್ಟವರ ಹೆಸರು ಮರೆಯಲ್ಲಿರುವಂತೆ ೨೦೧೮ರಲ್ಲಿ ಜಾರಿಗೆ ಬಂದಿದ್ದ ಚುನಾವಣಾ ಬಾಂಡುಗಳನ್ನು ಸರ್ವೋಚ್ಚ ನ್ಯಾಯಾಲಯ ೨೦೨೪ರ ಫೆಬ್ರವರಿ ೧೫ರಂದು ರದ್ದುಮಾಡಿ, ಮತದಾರನಿಗೆ ತಿಳಿಯುವ ಹಕ್ಕಿದೆಯೆಂದು ಹೇಳಿತು. ದೇಶ ಬೇರೆಯಾದರೂ ಸೂತ್ರ ಅದೇ.

ಅಲ್ಲಿಯ ಪಟ್ಟಿಯಲ್ಲಿ ನಮ್ಮವರಿಗೂ ಜಾಗವಿದೆಯೆಂಬುದು ಅನೇಕರಿಗೆ ತಿಳಿಯದು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ನೆಲಸಲು ಅನುಮತಿ ಪಡೆದು ವಾಸವಾಗಿದ್ದರೆ ಪಾರ್ಲಿಮೆಂಟಿನ ಚುನಾವಣೆಯಲ್ಲಿಯೂ ಮತ ಹಾಕಬಹುದು. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ಹುಬ್ಬಳ್ಳಿಯ ವೈದ್ಯರೋ ಬೆಂಗಳೂರಿನ ಇಂಜಿನಿಯರೋ ಅಲ್ಲಿ ಹೆಸರು ಬರೆಸಿದರೆ ಅವರಿಗೂ ಮತವುಂಟು, ದೇಣಿಗೆ ಕೊಡುವ ಅರ್ಹತೆಯೂ ಉಂಟು. ಇಲ್ಲಿಯೇ ಇದ್ದು ಆ ಪಟ್ಟಿಯಲ್ಲಿ ಹೆಸರಿಲ್ಲದ ಅವರ ಅಣ್ಣತಮ್ಮಂದಿರಿಗೆ ಎರಡೂ ಇಲ್ಲ.

ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ಥೇಮ್ಸ್ ನದಿಯ ದಡದಲ್ಲಿ, ೨೦೧೫ರ ನವೆಂಬರ್ ೧೪ರಂದು ಬಸವೇಶ್ವರರ ಪ್ರತಿಮೆ ಅನಾವರಣವಾಯಿತು. ಪಾರ್ಲಿಮೆಂಟು ಭವನ ಇರುವುದು ನದಿಯ ಆಚೆಯ ದಡದಲ್ಲಿ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು. ಭಂಡಾರದ ಹಣ ಪೋಲಾಗುತ್ತಿದೆಯೆಂದು ಕೊಂಡೆಯರು ದೂರಿದಾಗ, ಬಾಗಿಲು ತೆರೆಸಿ ಎಣಿಸಿ ನೋಡಿಕೊಳ್ಳಿರೆಂದರೆಂದೂ, ಎಣಿಸಿದಾಗ ಲೆಕ್ಕ ಒಂದು ಹಾಗವೂ ತಪ್ಪಿರಲಿಲ್ಲವೆಂದೂ ಅವರ ಚರಿತ್ರೆಯನ್ನು ಹೇಳುವ ಕಾವ್ಯಗಳಲ್ಲಿ ಬರುತ್ತದೆ. ಸಂದೇಹಕ್ಕೆ ಉತ್ತರ ಕೋಪವಲ್ಲ, ತೆರೆದ ಬಾಗಿಲು.

ಆ ಹುಡುಗನ ಪ್ರಶ್ನೆಗೆ ಈಗ ನಾನು ಹೀಗೆ ಉತ್ತರ ಹೇಳುತ್ತೇನೆ: ಅಪ್ಪಾ, ಪರೀಕ್ಷೆ ಒಂದು ದಿನ, ಪಾಠ ವರ್ಷವೆಲ್ಲ. ಚುನಾವಣೆಯೂ ಹಾಗೆಯೇ. ಮತ ಹಾಕುವುದು ಒಂದು ದಿನದ ಕೆಲಸ. ಆ ಮತಕ್ಕೆ ಬೆಲೆ ಇರುವಂತೆ ನೋಡಿಕೊಳ್ಳುವುದು ಮಿಕ್ಕ ಮುನ್ನೂರ ಅರುವತ್ತನಾಲ್ಕು ದಿನಗಳ ಕೆಲಸ. ಅದರಲ್ಲಿ ಆಯೋಗದ ಪಾಲು ಲೆಕ್ಕವನ್ನು ತರಿಸಿ ಬಯಲಿಗಿಡುವುದು. ಅದನ್ನು ಓದುವುದು ನಮ್ಮ ಪಾಲು. ಓದುವವರಿಲ್ಲದ ಲೆಕ್ಕ ಎಷ್ಟು ಬಯಲಾಗಿದ್ದರೂ ಗುಟ್ಟೇ.